ಎರಡು ತಾಸಿಗೊಮ್ಮೆ ಕರಿಕಟ್ಟುವ ಪ್ಲಗ್: ತೊಳೆಯಬೇಕೇ, ಬದಲಿಸಬೇಕೇ?

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮಗೆ ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಹೊಂದಿದ ಸೊಪ್ಪಿನ ಬೆಟ್ಟ ಇದೆ. ನಾಲ್ಕು ವರ್ಷದ ಹಿಂದೆ ಕೊಂಡ, ಹುಲ್ಲು ಕೊಚ್ಚುವ ಟೂ ಸ್ಟ್ರೋಕ್ ಬ್ರಶ್ ಕಟರ್ ಈ ಮಳೆಗಾಲ ತುಂಬ ಕಾಡುತ್ತಿದೆ. ಎರಡು ಮೂರು ತಾಸಿಗೆ ನಿಂತುಬಿಡುತ್ತದೆ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಪ್ಪಗೆ, ಜಿಡ್ಡಾಗಿರುತ್ತದೆ. ಮರಳು ಕಾಗದದಿಂದ ತಿಕ್ಕಿ, ಗ್ಯಾಸ್ ಒಲೆಯ ಮೇಲೆ ಕಾಯಿಸಿ ಹಾಕಿದರೆ ಮತ್ತೆ ಹೊರಡುತ್ತದೆ. ಎಂಜಿನ್ನಿಗೆ ಒಳ್ಳೆಯದೆಂದು ಲೀಟರ್ ಪೆಟ್ರೋಲಿಗೆ 40–50 ಮಿ.ಲೀ. ಆಯಿಲ್ ಹಾಕುತ್ತೇನೆ. ಒಬ್ಬರು ‘ಬಿಸಿ ಪ್ಲಗ್’ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಮರಳು ಊದುವ ಯಂತ್ರದಲ್ಲಿ ಪ್ಲಗ್ ತೊಳೆಸಿ ಎನ್ನುತ್ತಾರೆ. ಕುಮಟಾದ ಸ್ನೇಹಿತರೊಬ್ಬರ ದೋಣಿಯ ಔಟ್‌ಬೋರ್ಡ್ ಎಂಜಿನ್ನಿಗೂ ಇದೇ ಕಾಯಿಲೆಯಂತೆ. ಏನು ಮಾಡಬೇಕು?

ಉತ್ತರ: ಹೊಸ ಪ್ಲಗ್ ತನ್ನಿ. ಆದರೆ ಅದನ್ನು ಹಾಕುವ ಮೊದಲು ಹಳೆಯದನ್ನು ಅಂಗೈಯಲ್ಲಿಟ್ಟುಕೊಂಡು ಹಗಲು ಬೆಳಕಿನಲ್ಲಿ ಐದು ನಿಮಿಷ ನೋಡಿ. ನಿಮ್ಮ ಎಂಜಿನ್ ಒಳಗೆ ಏನು ನಡೆಯುತ್ತಿದೆ ಎಂಬುದು ಅದರ ತುದಿಯಲ್ಲಿ ಬರೆದಂತೆ ಇರುತ್ತದೆ. ಮರಳು ಕಾಗದ ತಾಗಿದ ಕೂಡಲೇ ಆ ಬರಹ ಅಳಿಸಿಹೋಗುತ್ತದೆ. ಪಂಪ್‌ಸೆಟ್, ಔಷಧಿ ಹೊಡೆಯುವ ಸ್ಪ್ರೇಯರ್, ಈಗ ಬ್ರಶ್ ಕಟರ್ ಹೀಗೆ ಸಣ್ಣ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುತ್ತಲೇ ನನ್ನ ಕೂದಲು ನರೆತಿದೆ. ತೊಳೆದು ಒರೆಸಿ ಹೊಳೆಯುವಂತೆ ಮಾಡಿದ ಪ್ಲಗ್ ಹಿಡಿದುಕೊಂಡು ಬರುವವರನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಅವರು ಸಾಕ್ಷಿಯನ್ನು ಮನೆಯಲ್ಲೇ ತಿಕ್ಕಿ ಹಾಕಿ ಬಂದಿರುತ್ತಾರೆ.

ಪ್ಲಗ್ ತುದಿಯಲ್ಲಿ ನಡುವಿನ ಕಡ್ಡಿಯನ್ನು ಸುತ್ತಿಕೊಂಡ ಪಿಂಗಾಣಿಯ ಮೂಗು ಕಾಣುತ್ತದೆ. ಅದರ ಬಣ್ಣವನ್ನು ನೋಡಬೇಕು. ತಿಳಿ ಕಂದು ಅಥವಾ ಬೂದಿ ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಬೆರಳಿಗೆ ಒಣ ಮಸಿ, ಒಲೆಯ ಮೇಲಿನ ಪಾತ್ರೆಯ ಅಡಿಯಂತಹ ಹೊಳಪಿಲ್ಲದ ಕಪ್ಪು ಹತ್ತಿದರೆ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಗಾಳಿ ತಡೆಯುವ ಚೋಕ್ ಅರ್ಧ ಮುಚ್ಚಿ ಉಳಿದಿರಬಹುದು, ಗಾಳಿಯ ಫಿಲ್ಟರ್ ಕಟ್ಟಿರಬಹುದು. ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಬಂದು, ಊದಿದರೆ ಆರಿದರೆ ಚೋಕ್ ಹಾಕಿ ಎಳೆದೂ ಎಳೆದೂ ಒಳಗೆ ಪೆಟ್ರೋಲ್ ತುಂಬಿಸಿದ್ದೀರಿ ಎಂದರ್ಥ. ಹೊಳೆಯುವ ಕಪ್ಪು ಜಿಡ್ಡು ಆರದೆ ಬೆರಳಿಗೆ ಅಂಟಿಕೊಂಡರೆ ಅದು ಆಯಿಲ್. ನೀವು ಬರೆದದ್ದು ಈ ಕೊನೆಯ ಬಗೆಯದು. ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗಿ ಸಣ್ಣ ಗುಳ್ಳೆಗಳೆದ್ದಿದ್ದರೆ ಮಾತ್ರ ಯಂತ್ರವನ್ನು ತಕ್ಷಣ ನಿಲ್ಲಿಸಿ. ಅದು ಎಂಜಿನ್ ಅತಿಯಾಗಿ ಕಾಯುತ್ತಿರುವ ಗುರುತು. ಕಪ್ಪು ಪ್ಲಗ್ ಕೆಲಸ ಕೆಡಿಸುತ್ತದೆ, ಬಿಳಿ ಪ್ಲಗ್ ಪಿಸ್ಟನ್ನನ್ನೇ ಕೆಡಿಸುತ್ತದೆ.

ಮಸಿ ಕಟ್ಟಿದರೆ ಕಿಡಿ ಏಕೆ ಬರುವುದಿಲ್ಲ? ಕಾಯಿಲ್‌ನಿಂದ ಹತ್ತಾರು ಸಾವಿರ ವೋಲ್ಟ್ ಒತ್ತಡದಲ್ಲಿ ವಿದ್ಯುತ್ ಬರುತ್ತದೆ. ನಡುವಿನ ಕಡ್ಡಿಗೂ ಹೊರಗಿನ ಕೊಕ್ಕೆಗೂ ನಡುವಿನ ಪುಟ್ಟ ಸಂದನ್ನು ಹಾರುವುದು ಬಿಟ್ಟು ಅದಕ್ಕೆ ಬೇರೆ ದಾರಿ ಇರಬಾರದೆಂದೇ ನಡುವೆ ಪಿಂಗಾಣಿ ಇಟ್ಟಿರುವುದು. ಪಿಂಗಾಣಿಯ ಮೇಲೆ ಇಂಗಾಲದ ಪದರ ಕಟ್ಟಿದರೆ ವಿದ್ಯುತ್ತಿಗೆ ಹೊಸ ದಾರಿ ಸಿಕ್ಕಿತು. ಏರಿಯಲ್ಲಿ ಏಡಿ ತೂತು ಕೊರೆದರೆ ಗದ್ದೆಯ ನೀರು ಹೇಗೆ ಸದ್ದಿಲ್ಲದೆ ಇಳಿದುಹೋಗುತ್ತದೆಯೋ ಹಾಗೆ ಅದು ಮಸಿಯ ಮೇಲೇ ಹರಿದು ಸುತ್ತಲಿನ ಲೋಹದ ಕವಚಕ್ಕೆ ಇಳಿಯುತ್ತದೆ. ಸಂದಿನಲ್ಲಿ ಕಿಡಿಯೇ ಇರುವುದಿಲ್ಲ.

ಈ ಮಸಿಯನ್ನು ಪ್ಲಗ್ ತಾನೇ ಸುಟ್ಟುಕೊಳ್ಳಬೇಕು. ಅದರ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇಂಗಾಲ ಉರಿದುಹೋಗುತ್ತದೆ. 850ರ ಹತ್ತಿರ ಹೋದರೆ ಕಿಡಿ ಬರುವ ಮೊದಲೇ ಆ ಕೆಂಡದಿಂದಲೇ ಪೆಟ್ರೋಲ್ ಹೊತ್ತಿಕೊಳ್ಳತೊಡಗುತ್ತದೆ. ಈ ಎರಡರ ನಡುವೆ ಪ್ಲಗ್ ಇದ್ದರೆ ನೀವು ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ನಿಮ್ಮದು ಆ ಕಾವಿಗೆ ಏರುತ್ತಿಲ್ಲ, ಅಥವಾ ಅದು ಸುಡಬಲ್ಲದ್ದಕ್ಕಿಂತ ಹೆಚ್ಚು ಕೊಳೆ ನೀವು ಅದಕ್ಕೆ ಉಣಿಸುತ್ತಿದ್ದೀರಿ. ನೀವು ಬರೆದದ್ದನ್ನು ನೋಡಿದರೆ ಎರಡೂ ನಡೆಯುತ್ತಿವೆ ಎನಿಸುತ್ತದೆ.

ಮೊದಲು ಆಯಿಲ್. ನಿಮ್ಮ ಯಂತ್ರದ ಪುಸ್ತಕದಲ್ಲಿ ಅಥವಾ ಟ್ಯಾಂಕಿನ ಮುಚ್ಚಳದ ಮೇಲೆ 50:1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್. 25:1 ಎಂದಿದ್ದರೆ ಮಾತ್ರ 40 ಮಿ.ಲೀ. ಮೊದಲು ಅದನ್ನು ನೋಡಿ. ಈಗಿನ ಹೆಚ್ಚಿನ ಬ್ರಶ್ ಕಟರ್‌ಗಳು ಒಳ್ಳೆಯ ಆಯಿಲ್ ಇದ್ದರೆ 50:1 ಕೇಳುತ್ತವೆ. ನಿಮ್ಮದೂ ಅಂಥದ್ದಾದರೆ ಬೇಕಾದ್ದರ ಎರಡರಿಂದ ಎರಡೂವರೆ ಪಟ್ಟು ಹಾಕುತ್ತಿದ್ದೀರಿ. ‘ಆಯಿಲ್ ಹೆಚ್ಚಾದರೆ ಎಂಜಿನ್ನಿಗೆ ಒಳ್ಳೆಯದು’ ಎಂಬ ಮಾತು ನಮ್ಮ ಕಡೆ ಎಷ್ಟು ಬೇರುಬಿಟ್ಟಿದೆಯೆಂದರೆ, ಸ್ಟೀಲ್ ಲೋಟದಲ್ಲಿ ಅಂದಾಜಿಗೆ ಸುರಿಯುವವರನ್ನು ನಾನು ವಾರಕ್ಕೊಬ್ಬರಂತೆ ನೋಡುತ್ತೇನೆ. ಹೆಚ್ಚಾದ ಆಯಿಲ್ ಪೂರ್ತಿ ಉರಿಯದೆ ಪ್ಲಗ್ಗಿಗೆ, ಪಿಸ್ಟನ್ ತಲೆಗೆ, ಸೈಲೆನ್ಸರ್ ಬಾಯಿಗೆ ಅಂಟುತ್ತದೆ. ಅದರ ಜೊತೆಗೆ, ಅದೇ ಅಳತೆಯ ಮಿಶ್ರಣದಲ್ಲಿ ಆಯಿಲ್ ಹೆಚ್ಚಿತೆಂದರೆ ಪೆಟ್ರೋಲ್ ಅಷ್ಟು ಕಡಿಮೆಯಾಯಿತು, ಎಂಜಿನ್ನಿಗೆ ಬೇಕಾದ ಇಂಧನವೇ ಕೊರತೆ ಬಿತ್ತು. ಔಷಧಿ ಅಂಗಡಿಯಲ್ಲಿ ಸಿಗುವ ಸೂಜಿಯಿಲ್ಲದ 20 ಮಿ.ಲೀ. ಸಿರಿಂಜ್ ಒಂದನ್ನು ತಂದು ಆಯಿಲ್ ಡಬ್ಬಿಯ ಜೊತೆಗೇ ಕಟ್ಟಿಡಿ. 50:1 ಆದರೆ ಲೀಟರಿಗೆ ಒಂದು ಸಿರಿಂಜ್, 25:1 ಆದರೆ ಎರಡು. ಅಂದಾಜಿಗೆ ಜಾಗವೇ ಇಲ್ಲ.

ಯಾವ ಆಯಿಲ್ ಎಂಬುದೂ ಮುಖ್ಯ. ಡಬ್ಬಿಯ ಮೇಲೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ಎಂದಿರುವುದು ಗಾಳಿಯಲ್ಲಿ ತಣಿಯುವ ಈ ಎಂಜಿನ್‌ಗಳಿಗೆ ಸರಿ. ದೋಣಿಯ ಔಟ್‌ಬೋರ್ಡಿಗೆಂದು ಬರುವ ಟಿಸಿ-ಡಬ್ಲ್ಯು3 ಆಯಿಲ್ ನೀರಿನಲ್ಲಿ ತಣಿಯುವ ಎಂಜಿನ್ನಿಗೆ ಮಾಡಿದ್ದು. ಕುಮಟಾದ ಸ್ನೇಹಿತರು ಉಳಿದದ್ದನ್ನು ಕೊಟ್ಟರೂ ಬ್ರಶ್ ಕಟರಿಗೆ ಬೇಡ. ಕಾರು, ಬೈಕಿನ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ.

ಎರಡನೆಯದು ಓಡಿಸುವ ರೀತಿ. ತೋಟದಲ್ಲಿ ನಾಲ್ಕು ಹೆಜ್ಜೆಗೊಂದು ಅಡಿಕೆಯ ಸೋಗೆ, ಹಾಳೆ ಬಿದ್ದಿರುತ್ತದೆ. ಅದನ್ನು ಎತ್ತಿ ಬದಿಗೆ ಹಾಕುವಷ್ಟು ಹೊತ್ತೂ ಯಂತ್ರ ಹೆಗಲ ಮೇಲೆ ಗುರುಗುಡುತ್ತಿರುತ್ತದೆ. ಮಂದ ವೇಗದಲ್ಲಿ ತಿರುಗುವ ಎಂಜಿನ್ನಿನ ಪ್ಲಗ್ 450 ಡಿಗ್ರಿಯ ಹತ್ತಿರವೂ ಸುಳಿಯುವುದಿಲ್ಲ. ಈ ಎಂಜಿನ್‌ಗಳನ್ನು ಮಾಡಿರುವುದೇ ಜೋರಾಗಿ ತಿರುಗಲು. ಸೋಗೆ ಎಲ್ಲವನ್ನೂ ಮೊದಲೇ ಎಳೆದುಹಾಕಿ, ಆಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ಕೊಚ್ಚಿ, ನಿಂತಾಗ ಆರಿಸಿಬಿಡಿ. ಮೆಲ್ಲಗೆ ಓಡಿಸಿದರೆ ಯಂತ್ರ ಬಾಳಿಕೆ ಬರುತ್ತದೆ ಎಂದುಕೊಂಡವರ ಪ್ಲಗ್ಗುಗಳೇ ನನ್ನ ಬಳಿ ಹೆಚ್ಚು ಬರುವುದು.

ಫಿಲ್ಟರನ್ನು ಎಂದಾದರೂ ಬಿಚ್ಚಿದ್ದೀರಾ? ಹಿಂದೊಮ್ಮೆ ಮಳೆಗಾಲದ ನಡುವೆ ಒಬ್ಬರು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್ ತಂದಿದ್ದರು. ಒಂದೇ ಹಂಗಾಮಿನಲ್ಲಿ ನಾಲ್ಕು ಪ್ಲಗ್ ಬದಲಿಸಿದ್ದರು. ಮುಚ್ಚಳ ತೆಗೆದರೆ ಒಳಗಿನ ಸ್ಪಂಜು ಆಕಾಶ ನೀಲಿ! ಬೋರ್ಡೋ ದ್ರಾವಣದ ಹನಿಗಳು ಗಾಳಿಯೊಂದಿಗೆ ಎಳೆದುಕೊಂಡು ಹೋಗಿ, ಮೈಲುತುತ್ತ ಮತ್ತು ಸುಣ್ಣ ಸ್ಪಂಜಿನ ಕಣ್ಣುಕಣ್ಣಿನಲ್ಲೂ ಕೂತು ಗಟ್ಟಿಯಾಗಿದ್ದವು. ಬೆರಳಿನಲ್ಲಿ ಒತ್ತಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಎಂಜಿನ್ ಉಸಿರು ಕಟ್ಟಿ ಪೆಟ್ರೋಲನ್ನೇ ಕುಡಿಯುತ್ತಿತ್ತು, ಬೈಗುಳ ಮಾತ್ರ ಪ್ಲಗ್ಗಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಇದಕ್ಕೇ. ಬ್ರಶ್ ಕಟರಿನಲ್ಲಿ ನೀಲಿಯ ಬದಲು ಹಸಿ ಹುಲ್ಲಿನ ಪುಡಿ, ಮಳೆಯ ತೇವ ಸೇರಿಕೊಂಡಿರುತ್ತದೆ. ಒದ್ದೆ ಸ್ಪಂಜು ಕಟ್ಟಿದ ಸ್ಪಂಜಿನಷ್ಟೇ ಗಾಳಿ ತಡೆಯುತ್ತದೆ. ಸೋಪಿನ ನೀರಿನಲ್ಲಿ ಹಿಂಡಿ ತೊಳೆದು, ನೆರಳಿನಲ್ಲಿ ಪೂರ್ತಿ ಆರಿಸಿ. ಮಳೆಗಾಲದಲ್ಲಿ ಆರಲು ಒಂದು ದಿನ ಸಾಲದು, ಆದ್ದರಿಂದ ಇನ್ನೊಂದು ಫಿಲ್ಟರ್ ಕೈಯಲ್ಲಿರಲಿ.

ನಾಲ್ಕು ವರ್ಷದ ಯಂತ್ರ ಎಂದಿರಿ, ಅಂದ ಮೇಲೆ ಸೈಲೆನ್ಸರ್ ಬಾಯಿಯನ್ನೂ ನೋಡಿ. ಅಲ್ಲಿ ಕಿಡಿ ತಡೆಯುವ ಸಣ್ಣ ತಂತಿ ಜಾಲರಿ ಇರುವ ಯಂತ್ರಗಳಿವೆ. ಹೆಚ್ಚು ಆಯಿಲ್ ಕುಡಿದ ಎಂಜಿನ್ನಿನಲ್ಲಿ ಅದು ಇಂಗಾಲದಿಂದ ಮುಚ್ಚಿಹೋಗುತ್ತದೆ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರುವುದೂ ಇಲ್ಲ. ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಯಂತ್ರವಾದರೆ ಮಣ್ಣಿನ ಗೂಡು ಕಟ್ಟುವ ಕಣಜ ಆ ಬಾಯಿಯನ್ನೇ ಮನೆ ಮಾಡಿಕೊಂಡಿರುವುದೂ ಉಂಟು.

ಇನ್ನು ಪೆಟ್ರೋಲ್. ಈಗ ಬಂಕುಗಳಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಿ ತೇವಕ್ಕೆ ಬರವೇ? ನೀರು ಒಂದು ಮಿತಿ ದಾಟಿದರೆ ಎಥೆನಾಲ್ ನೀರಿನೊಡನೆ ಸೇರಿ ತಳಕ್ಕೆ ಇಳಿಯುತ್ತದೆ. ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಕೊಳವೆ ಎಳೆಯುವುದು ತಳದಿಂದ! ಎಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ನೀರು ಮಿಶ್ರಣ. ಹೊತ್ತಿಕೊಳ್ಳದೆ ಪ್ಲಗ್ ಒದ್ದೆಯಾದರೆ ನಿಮ್ಮ ಅದೃಷ್ಟ, ಹೇಗೋ ಹೊತ್ತಿಕೊಂಡು ಓಡಿದರೆ ಪಿಸ್ಟನ್ ಗೀಚಿಹೋಗುತ್ತದೆ. ಅನುಮಾನ ಬಂದರೆ ಡಬ್ಬಿಯ ತಳದಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ ನೋಡಿ. ಮಂಜಾಗಿದ್ದರೆ ಅಥವಾ ತಳದಲ್ಲಿ ಗೆರೆ ಕಂಡರೆ ಅದನ್ನು ಬಳಸಬೇಡಿ. ಎರಡು ಮೂರು ವಾರಕ್ಕೆ ಬೇಕಾದಷ್ಟೇ ಬೆರೆಸಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಕಳೆದ ಹಂಗಾಮಿನ ಉಳಿಕೆಯನ್ನು ಈ ವರ್ಷ ಹಾಕಬೇಡಿ. ಯಂತ್ರ ಎತ್ತಿಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ತಾನೇ ನಿಲ್ಲುವವರೆಗೆ ಓಡಿಸಿ.

ಈಗ ತೊಳೆಯುವ ವಿಚಾರ. ಅರ್ಧ ತೋಟ ಕೊಚ್ಚುವುದು ಬಾಕಿ, ಪೇಟೆ ಇಪ್ಪತ್ತು ಕಿಲೋಮೀಟರ್ ದೂರ, ಮಳೆ ಬೇರೆ. ಅಂಥ ಹೊತ್ತಿನಲ್ಲಿ ತೊಳೆಯುವುದು ಸರಿಯೇ. ಆ ದಿನದ ಕೆಲಸ ಮುಗಿಸಿಕೊಳ್ಳಲು ಅದು ಸಾಕು. ಮರಳು ಕಾಗದ ಮಾತ್ರ ಬಿಡಿ. ಅದು ಪಿಂಗಾಣಿಯನ್ನು ಗೀಚುತ್ತದೆ, ಗೀಚಿದ ಕಡೆ ಮಸಿ ಇನ್ನೂ ಬೇಗ ಕೂರುತ್ತದೆ. ತಂತಿ ಬ್ರಶ್ ಇನ್ನೊಂದು ಬಗೆಯ ಕೆಡುಕು ಮಾಡುತ್ತದೆ. ಲೋಹದ ಗೆರೆಗಳು ಪಿಂಗಾಣಿಯ ಮೇಲೆ ಉಳಿದು ಅವೇ ವಿದ್ಯುತ್ತಿಗೆ ದಾರಿಯಾಗುತ್ತವೆ. ಮರಳು ಊದಿಸುವುದನ್ನಂತೂ ನಾನು ಒಪ್ಪುವುದಿಲ್ಲ. ಪಿಂಗಾಣಿಗೂ ಕವಚಕ್ಕೂ ನಡುವಿನ ಆಳದ ಸಂದಿನಲ್ಲಿ ಒಂದೆರಡು ಕಣ ಸಿಕ್ಕಿಕೊಂಡೇ ಇರುತ್ತವೆ. ಪ್ಲಗ್ ಕಾದಾಗ ಅವು ಸಿಲಿಂಡರ್ ಒಳಗೆ ಉದುರುತ್ತವೆ. ನೂರಿನ್ನೂರು ರೂಪಾಯಿಯ ಪ್ಲಗ್ ಉಳಿಸಲು ಸಾವಿರಾರು ರೂಪಾಯಿಯ ಸಿಲಿಂಡರ್ ಗೀಚಿಸಿಕೊಳ್ಳುವುದು ಯಾವ ಲೆಕ್ಕ?

ಗ್ಯಾಸ್ ಒಲೆಯ ವಿಚಾರದಲ್ಲಿ ಕೈಮುಗಿದು ಕೇಳುತ್ತೇನೆ, ಬೇಡ. ಪೆಟ್ರೋಲಿನಲ್ಲಿ ನೆಂದ ಪ್ಲಗ್, ಪೆಟ್ರೋಲ್ ತಾಗಿದ ಕೈ, ಅಡುಗೆ ಮನೆಯ ಬೆಂಕಿ ಈ ಮೂರು ಒಂದೆಡೆ ಸೇರಬಾರದು. ಕೆಂಪಗೆ ಕಾಯಿಸಿ ಆಮೇಲೆ ನೀರಿಗೆ ಅದ್ದುವವರೂ ಇದ್ದಾರೆ. ಆಗ ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ.

ಸರಿಯಾದ ಕ್ರಮ ಸರಳ. ಎಂಜಿನ್ ತಣಿಯಲಿ. ಬಿಸಿಯಿರುವಾಗ ಬಿಚ್ಚಿದರೆ ಅಲ್ಯೂಮಿನಿಯಂ ಸಿಲಿಂಡರ್ ತಲೆಯ ಮರೆ (ತಿರುಪಿನ ಎಳೆ) ಕಿತ್ತುಬರುತ್ತದೆ. ಪ್ಲಗ್ಗಿನ ಬುಡದಲ್ಲಿರುವ ಹುಲ್ಲು, ಮಣ್ಣನ್ನು ಮೊದಲು ಊದಿ, ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಬಿಚ್ಚಿದ ಕೂಡಲೇ ಅದೆಲ್ಲ ಒಳಗೆ ಬೀಳುತ್ತದೆ. ವಯರ್ ಹಿಡಿದು ಎಳೆಯದೆ ಕ್ಯಾಪ್ ಹಿಡಿದು ಎಳೆಯಿರಿ. ಪ್ಲಗ್ಗಿನ ತುದಿಯನ್ನು ಸ್ವಲ್ಪ ಪೆಟ್ರೋಲಿನಲ್ಲಿ ಅಥವಾ ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ. ಆಳದ ಸಂದಿನ ಕಿಟ್ಟವನ್ನು ಚೂಪಾಗಿ ಸೀಳಿದ ಬಿದಿರು ಕಡ್ಡಿಯಿಂದ ಕೆರೆಯಿರಿ. ಬಿದಿರು ಪಿಂಗಾಣಿಯನ್ನು ಗೀಚುವುದಿಲ್ಲ. ಬಯಲಿನಲ್ಲಿ ಪೂರ್ತಿ ಆರಲು ಬಿಡಿ. ಒಳಗೆ ಪೆಟ್ರೋಲ್ ತುಂಬಿಕೊಂಡಿದ್ದರೆ ಸ್ವಿಚ್ ಆರಿಸಿ, ಚೋಕ್ ತೆರೆದು, ಪ್ಲಗ್ಗಿನ ತೂತು ಕೆಳಮುಖವಾಗುವಂತೆ ಹಿಡಿದು ಐದಾರು ಬಾರಿ ಹಗ್ಗ ಎಳೆಯಿರಿ.

ಸಂದನ್ನು ಅಳೆಯುವುದನ್ನು ಮರೆಯಬೇಡಿ. ಹೆಚ್ಚಿನ ಬ್ರಶ್ ಕಟರ್‌ಗಳಿಗೆ 0.6ರಿಂದ 0.7 ಮಿ.ಮೀ. ಬೇಕು. ಫೀಲರ್ ಗೇಜ್ ಇಲ್ಲವೇ? ಕೈ ಗರಗಸದ, ಅದೇ ಹ್ಯಾಕ್ಸಾ ಬ್ಲೇಡಿನ ದಪ್ಪ ಸುಮಾರು 0.65 ಮಿ.ಮೀ. ಇರುತ್ತದೆ. ಹಲ್ಲಿನ ಕಡೆ ಬೇಡ, ಹಿಂಬದಿಯ ಅಂಚನ್ನು ಸಂದಿನಲ್ಲಿ ತೂರಿಸಿ. ತುಸು ಉಜ್ಜಿಕೊಂಡು ಜಾರಬೇಕು, ತಾಗದೆ ಹೋಗಬಾರದು. ಹೊರಗಿನ ಕೊಕ್ಕೆಯನ್ನು ಮಾತ್ರ ಬಗ್ಗಿಸಿ, ನಡುವಿನ ಕಡ್ಡಿಗೆ ಒತ್ತಡ ಕೊಟ್ಟರೆ ಪಿಂಗಾಣಿ ಒಡೆಯುತ್ತದೆ. ನಡುವಿನ ಕಡ್ಡಿಯ ತುದಿ ಗುಂಡಗೆ ಸವೆದಿದ್ದರೆ ಆ ಪ್ಲಗ್ಗಿನ ಆಯುಸ್ಸು ಮುಗಿದಿದೆ. ಕಿಡಿ ಸುಲಭವಾಗಿ ಹಾರುವುದು ಚೂಪು ಅಂಚಿನಿಂದ. ಸುಮಾರು 100 ತಾಸು ಓಡಿದ ಪ್ಲಗ್ಗನ್ನು, ಚೆನ್ನಾಗಿ ಕಂಡರೂ, ನಾನು ಬದಲಿಸಿಬಿಡುತ್ತೇನೆ.

ಬಿಸಿ ಪ್ಲಗ್ ಬೇಡ. ಅದರ ಪಿಂಗಾಣಿ ಮೂಗು ಉದ್ದವಾಗಿದ್ದು ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಸಿ ಬೇಗ ಸುಡುತ್ತದೆ ಎಂಬುದು ನಿಜ. ಆದರೆ ಮಳೆಗಾಲದಲ್ಲಿ ಹಿತವೆನಿಸಿದ ಆ ಪ್ಲಗ್ಗನ್ನೇ ಇಟ್ಟುಕೊಂಡು, ಮಳೆ ಮುಗಿದ ಮೇಲೆ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಕರಡದ ಹುಲ್ಲು ಕೊಯ್ಯಲು ಮಧ್ಯಾಹ್ನದ ಬಿಸಿಲಿಗೆ ಇಳಿದರೆ ನಾನು ಮೇಲೆ ಹೇಳಿದ 850 ಡಿಗ್ರಿ ದೂರವಿರುವುದಿಲ್ಲ. ಯಂತ್ರದ ಪುಸ್ತಕದಲ್ಲಿರುವ ಸಂಖ್ಯೆಯ ಪ್ಲಗ್ಗನ್ನೇ ಕೇಳಿ ತನ್ನಿ. ಇಲ್ಲೊಂದು ಎಚ್ಚರಿಕೆ. ಎನ್‌ಜಿಕೆ ಪ್ಲಗ್‌ಗಳಲ್ಲಿ ಶಾಖದ ಸಂಖ್ಯೆ ಹೆಚ್ಚಿದಷ್ಟೂ ಪ್ಲಗ್ ತಣ್ಣಗಿನದು, ಬಾಷ್‌ನಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಬಿಸಿ. ಹಾಗಾಗಿ ಒಂದು ಕಂಪನಿಯ 7ಕ್ಕೆ ಇನ್ನೊಂದರ 7 ಸಮವಲ್ಲ, ಅಂಗಡಿಯಲ್ಲಿ ಹೋಲಿಕೆ ಪಟ್ಟಿ ನೋಡಿಸಿ. (ನಮ್ಮ ಹಳಬರು ಬಾಷ್ ಪ್ಲಗ್ಗಿಗೆ ಈಗಲೂ ಮೈಕೋ ಎನ್ನುತ್ತಾರೆ. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಷ್ಟೇ ಹೆಸರು ಬದಲಿಸಿಕೊಂಡಿತು.) ಹಳೆಯ ಪ್ಲಗ್ಗಿನ ಸಂಖ್ಯೆಯಲ್ಲಿ ‘ಆರ್’ ಅಕ್ಷರವಿದ್ದರೆ ಹೊಸದರಲ್ಲೂ ಅಂಥದ್ದೇ ಒಳಗೆ ರೆಸಿಸ್ಟರ್ ಇರುವ ಪ್ಲಗ್ ಆಗಬೇಕು. ಮರೆಯ ಉದ್ದವನ್ನೂ ಹೋಲಿಸಿ. ಉದ್ದ ಹೆಚ್ಚಾದರೆ ಪಿಸ್ಟನ್ನಿಗೆ ಬಡಿಯುತ್ತದೆ.

ಹಾಕುವಾಗ ಸ್ಪ್ಯಾನರ್ ಆಮೇಲೆ. ಮೊದಲು ಬರಿಗೈಯಲ್ಲಿ ಕೊನೆಯವರೆಗೂ ತಿರುಗಿಸಿ. ಅಡ್ಡ ಮರೆ ಹತ್ತಿದರೆ ಕೈಗೆ ತಿಳಿಯುತ್ತದೆ, ಸ್ಪ್ಯಾನರಿಗೆ ತಿಳಿಯುವುದಿಲ್ಲ. ಕೂತ ಮೇಲೆ ಹೊಸ ಪ್ಲಗ್ಗಾದರೆ ಇನ್ನರ್ಧ ಸುತ್ತು, ತೊಳೆದು ಹಾಕುವ ಹಳೆಯದಾದರೆ ಕಾಲು ಸುತ್ತಿನೊಳಗೆ ಸಾಕು. ಹಳೆಯದರ ವಾಷರ್ ಈಗಾಗಲೇ ಚಪ್ಪಟೆಯಾಗಿರುತ್ತದೆ.

ಇಷ್ಟೆಲ್ಲ ಮಾಡಿಯೂ ಹೊಸ ಪ್ಲಗ್ ಒಂದೆರಡು ದಿನದಲ್ಲಿ ಒದ್ದೆಯಾದರೆ ಕಿಡಿಯೇ ದುರ್ಬಲವಿರಬಹುದು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರಿನ ರೆಕ್ಕೆಗೆ ತಾಗಿಸಿ ಹಗ್ಗ ಎಳೆದು ನೋಡುವುದು ಎಲ್ಲರಿಗೂ ಗೊತ್ತು. ಪ್ಲಗ್ಗಿನ ತೂತಿನಿಂದ ದೂರ ಹಿಡಿಯಬೇಕೆಂಬುದನ್ನು ಮಾತ್ರ ಮರೆಯುತ್ತಾರೆ. ಅಲ್ಲಿಂದ ಪೆಟ್ರೋಲ್ ಆವಿ ಚಿಮ್ಮುತ್ತಿರುತ್ತದೆ. ಬರಿಗೈಯಲ್ಲಿ ಹಿಡಿಯಲೂಬೇಡಿ. ಕಿಡಿ ನೀಲಿಯಾಗಿ ಚಟಚಟ ಎಂದರೆ ಸರಿ, ಮಂಕಾಗಿ ಕಿತ್ತಳೆ ಬಣ್ಣದಲ್ಲಿದ್ದರೆ ಕಾಯಿಲ್, ವಯರ್ ಮತ್ತು ಕ್ಯಾಪನ್ನು ಬಲ್ಲವರಿಗೆ ತೋರಿಸಿ. ಬಯಲಿನಲ್ಲಿ ಹಾರಿದ ಕಿಡಿ ಸಿಲಿಂಡರಿನ ಒತ್ತಡದಲ್ಲಿ ಹಾರದೆಯೂ ಇರಬಹುದು ಎಂಬುದು ನೆನಪಿರಲಿ.

ಫೋರ್ ಸ್ಟ್ರೋಕ್ ಪಂಪ್‌ಸೆಟ್ ಇರುವವರಿಗೂ ಒಂದು ಮಾತು. ಅದರ ಪ್ಲಗ್ಗಿಗೆ ಆಯಿಲ್ ಬಂದರೆ ಮೊದಲು ನೋಡಬೇಕಾದ್ದು ಆಯಿಲ್ ಗುರುತಿಗಿಂತ ಮೇಲೆ ತುಂಬಿದೆಯೇ, ಯಂತ್ರವನ್ನು ಅಡ್ಡ ಮಲಗಿಸಿ ಜೀಪಿನಲ್ಲಿ ತಂದಿರಾ ಎಂಬುದನ್ನು. ಎರಡೂ ಅಲ್ಲವಾದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ.

ಕುಮಟಾದ ನಿಮ್ಮ ಸ್ನೇಹಿತರ ವಿಚಾರವನ್ನು ಕೊನೆಗಿಟ್ಟುಕೊಂಡದ್ದು ಅದು ಇದಕ್ಕಿಂತ ದೊಡ್ಡದೆಂಬ ಕಾರಣಕ್ಕೆ. ನಿಮ್ಮ ಯಂತ್ರ ನಿಂತರೆ ಹುಲ್ಲು ಉಳಿಯುತ್ತದೆ. ಅಳಿವೆಯ ಬಾಯಲ್ಲಿ, ಅಲೆ ಮುರಿಯುವ ಜಾಗದಲ್ಲಿ ಅವರ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅವರದು ಸೀಮೆಎಣ್ಣೆಯಲ್ಲಿ ಓಡುವ ಔಟ್‌ಬೋರ್ಡ್ ಇರಬೇಕು. ಸೀಮೆಎಣ್ಣೆ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ತಣ್ಣಗಿನ ಎಂಜಿನ್ನಿನಲ್ಲಿ ಹನಿಯಾಗಿಯೇ ಉಳಿದು ಪ್ಲಗ್ಗನ್ನು ತೋಯಿಸುತ್ತದೆ. ಅದಕ್ಕೇ ಪೆಟ್ರೋಲಿನಲ್ಲಿ ಹೊರಡಿಸಿ, ಚೆನ್ನಾಗಿ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಕ್ರಮ ಇರುವುದು. ಬಹಳಷ್ಟು ಜನ ಬಿಡುವುದು ಇದರ ಇನ್ನರ್ಧವನ್ನು. ನಿಲ್ಲಿಸುವ ಕೆಲವು ನಿಮಿಷ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಬೇಕು. ಇಲ್ಲದಿದ್ದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ಬೆಳಗಿನ ಜಾವ ಮೊದಲ ಎಳೆತಕ್ಕೇ ಪ್ಲಗ್ ನೆಂದುಹೋಗುತ್ತದೆ. ಬಲೆ ಎಳೆಯುವಾಗ ತಾಸುಗಟ್ಟಲೆ ಮಂದವಾಗಿ ಓಡಿಸಿದ್ದರೆ ಅಳಿವೆಗೆ ಬರುವ ಮೊದಲೇ, ಬಯಲು ನೀರಿನಲ್ಲಿ, ಸ್ವಲ್ಪ ಹೊತ್ತು ಜೋರಾಗಿ ಓಡಿಸಿ ಪ್ಲಗ್ಗನ್ನು ಸುಟ್ಟುಕೊಳ್ಳಲಿ.

ಕಡಲಿನಲ್ಲಿ ಉಪ್ಪೂ ಒಂದು ಶತ್ರು. ಪ್ಲಗ್ಗಿನ ಹೊರಗಿನ ಬಿಳಿ ಪಿಂಗಾಣಿಯ ಮೇಲೆ ಉಪ್ಪಿನ ಪದರ ಕೂತು ಒದ್ದೆಯಾದರೆ ಕಿಡಿ ಹೊರಗಿನಿಂದಲೇ ಸೋರುತ್ತದೆ. ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ, ಕ್ಯಾಪಿನ ಒಳಬಾಯಿಗೆ ತುಸು ಸಿಲಿಕೋನ್ ಗ್ರೀಸ್ ಹಚ್ಚಲಿ. ಎಂಜಿನ್ನಿಗೆ ಎಷ್ಟು ಪ್ಲಗ್ ಇದೆಯೋ ಅಷ್ಟೂ ಹೊಸ ಪ್ಲಗ್, ಸಂದು ಅಳೆದು ಸಿದ್ಧ ಮಾಡಿದ್ದು, ಅದಕ್ಕೆ ಹೊಂದುವ ಸ್ಪ್ಯಾನರ್ ಮತ್ತು ಒಣ ಬಟ್ಟೆಯ ತುಂಡು ಬಿಗಿ ಮುಚ್ಚಳದ ಡಬ್ಬಿಯಲ್ಲಿ ದೋಣಿಯಲ್ಲೇ ಇರಬೇಕು. ದೋಣಿ ದಡದಲ್ಲಿರುವಾಗಲೇ ಒಂದು ಸಂಜೆ, ಬೆಳಕು ಹೋದ ಮೇಲೆ, ಕೈ ತಡವಿಯೇ ಪ್ಲಗ್ ಬಿಚ್ಚಿ ಹಾಕಿ ಅಭ್ಯಾಸ ಮಾಡಿಕೊಳ್ಳಲು ಅವರಿಗೆ ಹೇಳಿ.